ನೀರಿನ ಕ್ಯಾನಿನಲ್ಲಿ ಏಡಿ ಹಿಡಿದದ್ದು: ನನ್ನ ಅನುಭವ

2024ರ ಆರಿದ್ರಾ ಮಳೆಯಲ್ಲಿ ಒಂದೇ ರಾತ್ರಿ ನಾಲ್ಕು ಕ್ಯಾನಿಗೆ 34 ಏಡಿ ಬಿದ್ದವು. ಎಣಿಸಿದ್ದು ನಾನಲ್ಲ. ಆರು ವರ್ಷ ನನ್ನನ್ನು ಗೇಲಿ ಮಾಡಿದ ಗೆಳೆಯನ ಚಿಕ್ಕಪ್ಪನೇ ಕೂತು ಎಣಿಸಿದ್ದು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾವು ಐದು ಜನ. ಮಳೆಗಾಲದಲ್ಲಿ ಎರಡು ಸಲ ತೀರ್ಥಹಳ್ಳಿ ಕಡೆಯ ಗೆಳೆಯನ ತೋಟಕ್ಕೆ ಹೋಗಿ, ಹಳ್ಳದ ಮೇಲಿನ ದಿಬ್ಬದಲ್ಲಿ ಟಾರ್ಪಾಲು ಕಟ್ಟಿ ಎರಡು ರಾತ್ರಿ ಉಳಿಯುತ್ತೇವೆ. ಅಕ್ಕಿ, ಎಣ್ಣೆ, ಉಪ್ಪು, ಮಸಾಲೆ ಮಾತ್ರ ಒಯ್ಯುವುದು. ಮಿಕ್ಕಿದ್ದು ಅಲ್ಲೇ ಸಿಗಬೇಕು ಅನ್ನುವುದು ನಮ್ಮ ಹಟ. ಮೊದಲೆರಡು ವರ್ಷ ಈ ಹಟದಿಂದ ನಾವು ತಿಂದದ್ದು ಉಪ್ಪಿನಕಾಯಿ ಅನ್ನ. ಅದೂ ಗೆಳೆಯನ ಚಿಕ್ಕಮ್ಮ ಪಾಪ ಅಂತ ಕೊಟ್ಟ ಉಪ್ಪಿನಕಾಯಿ.

ರಾತ್ರಿ ಟಾರ್ಚು ಹಿಡಿದು ಕಲ್ಲು ಮಗುಚುವುದು, ಬಿಲಕ್ಕೆ ಕೈ ಹಾಕುವುದು ನಿಮಗೆಲ್ಲ ಗೊತ್ತೇ ಇದೆ. ನಾನೂ 2018ರಲ್ಲಿ ಅದನ್ನೇ ಮಾಡಿದೆ. ಕಲ್ಲೇಡಿ ಹೆಬ್ಬೆರಳು ಕಚ್ಚಿ ಹಿಡಿದು ಉಗುರು ಕಪ್ಪಾಯಿತು, ಗೌರಿ ಹಬ್ಬದ ಹೊತ್ತಿಗೆ ಬಿದ್ದೇ ಹೋಯಿತು. ಅದೇ ರಾತ್ರಿ ಪಾಚಿ ಕಲ್ಲಿನ ಮೇಲೆ ಜಾರಿ ಜೇಬಿನ ಮೊಬೈಲು ನೀರುಪಾಲಾಯಿತು, ಹನ್ನೊಂದು ಸಾವಿರದ್ದು. ಸಿಕ್ಕಿದ್ದು ಮೂರು ಏಡಿ. ಒಂದೊಂದಕ್ಕೆ ಮೂರೂವರೆ ಸಾವಿರಕ್ಕಿಂತ ಜಾಸ್ತಿ ಬಿತ್ತು ಅಂತ ಹೆಂಡತಿ ಲೆಕ್ಕ ಹಾಕಿದಳು. ಇನ್ನೊಂದು ಬಿಲದಲ್ಲಿ ಬೆರಳಿಗೆ ಏನೋ ಮೆತ್ತಗೆ, ತಣ್ಣಗೆ ತಾಗಿತು. ಏನಂತ ನೋಡಲು ನಿಲ್ಲಲಿಲ್ಲ. ಅವತ್ತಿಂದ ಬಿಲಕ್ಕೆ ಕೈ ಹಾಕಿಲ್ಲ.

ಮರುವರ್ಷ ಆನ್‌ಲೈನಿನಲ್ಲಿ ಮಡಚುವ ಬಲೆಗೂಡು ತರಿಸಿದೆ, ಕೊಡೆಯ ಥರ ಬಿಚ್ಚಿಕೊಳ್ಳುವಂಥದ್ದು. ಒಂದಕ್ಕೆ ಸುಮಾರು 650, ಎರಡು ತಗೊಂಡೆ. ಮೊದಲ ರಾತ್ರಿಯೇ ಏಡಿ ನೂಲು ಕತ್ತರಿಸಿ ಹೊರಗೆ ಹೋಯಿತು. ತೂತು ಹೊಲಿದು ಮತ್ತೆ ಇಟ್ಟೆ. ಜುಲೈ ಕೊನೆ, ಮುಂದಿನ ವಾರ ಬಂದು ತೆಗೆದರಾಯಿತು ಅಂತ ಹಳ್ಳದಲ್ಲೇ ಬಿಟ್ಟು ಬಂದೆ. ಅದು ನನ್ನದೇ ತಪ್ಪು. 2019ರ ಆಗಸ್ಟಿನ ಆಶ್ಲೇಷ ಮಳೆ ಹೇಗಿತ್ತು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಬಲೆಗೂಡು ಬಿಡಿ, ಅದನ್ನು ಕಟ್ಟಿದ್ದ ಮರವೇ ಇರಲಿಲ್ಲ.

ನನ್ನದು ಶಿವಮೊಗ್ಗದಲ್ಲಿ ಪ್ಲಂಬಿಂಗ್ ಕೆಲಸ. ಮನೆ ಹಿತ್ತಲಲ್ಲಿ ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡು ಯಾವಾಗಲೂ ಬಿದ್ದಿರುತ್ತವೆ. 2020ರಲ್ಲಿ ಲಾಕ್‌ಡೌನ್, ಟ್ರಿಪ್ ಇಲ್ಲ, ಕೆಲಸವೂ ಇಲ್ಲ. ಆಗ ಹೊಳೆದದ್ದು ಇದು. ಗುಜರಿ ಅಂಗಡಿಯಲ್ಲಿ ಬಿರುಕು ಬಿಟ್ಟ 20 ಲೀಟರಿನ ನೀರಿನ ಕ್ಯಾನು 60 ರೂಪಾಯಿಗೆ ಒಂದರಂತೆ ಸಿಕ್ಕಿದವು. ಕ್ಯಾನಿನ ಕುತ್ತಿಗೆ ಕೊಯ್ದು ಪೈಪು ತೂರಿಸಿದೆ. ಪೈಪು ಅಂಟಿಸುವ ಸಲ್ಯೂಷನ್ ಹಚ್ಚಿದರೆ ಕ್ಯಾನಿಗೆ ಹಿಡಿಯಲೇ ಇಲ್ಲ. ಪ್ಲಂಬರ್ ಆಗಿ ಇದು ಮೊದಲೇ ಗೊತ್ತಿರಬೇಕಿತ್ತು, ಸುಮ್ನೆ ಅರ್ಧ ಡಬ್ಬ ಹಾಳು. ಕೊನೆಗೆ ಕಾದ ಮೊಳೆಯಿಂದ ತೂತು ಹಾಕಿ ಬೈಂಡಿಂಗ್ ವೈರಿನಲ್ಲಿ ಹೊಲಿದೆ. ಕ್ಯಾನಿನ ತಳ ಕೊಯ್ದು ಬಾಗಿಲು ಮಾಡಿದೆ. ಮೈಯೆಲ್ಲ ಸಣ್ಣ ತೂತು.

ತೋಟಕ್ಕೆ ಒಯ್ದಾಗ ಚಿಕ್ಕಪ್ಪ ಎಲೆ ಅಡಿಕೆ ಉಗಿದು ಕೇಳಿದರು, "ಎಂತ ಮಾರಾಯ, ಏಡಿಗೆ ನಲ್ಲಿ ಕನೆಕ್ಷನ್ ಕೊಡ್ತೀಯಾ?"

ಅವರು ಆ ಭಾಗದಲ್ಲಿ ಕೂಣಿ, ಅಂದರೆ ಮೀನು ಹಿಡಿಯುವ ಬುಟ್ಟಿ, ಹಾಕುವುದರಲ್ಲಿ ಹೆಸರು ಮಾಡಿದವರು. ಮೊದಲ ಮಳೆಗೆ ಹತ್ತುಮೀನು (ಹರಿವಿಗೆ ಎದುರಾಗಿ ಹತ್ತುವ ಮೀನು) ಏರುವಾಗ ಅವರ ಬಿದಿರಿನ ಕೂಣಿ ಖಾಲಿ ಬಂದದ್ದು ನಾನು ನೋಡಿಲ್ಲ. ಹಾಗಾಗಿ ಎದುರು ಮಾತಾಡಲಿಲ್ಲ. ಮಾತಾಡದೆ ಇದ್ದದ್ದೇ ಒಳ್ಳೆಯದಾಯಿತು. 2021ರಲ್ಲಿ ನನ್ನ ಕ್ಯಾನಿಗೆ ಬಿದ್ದದ್ದು ಎಲೆ, ಹೂಳು ಮತ್ತು ಒಂದು ಹವಾಯಿ ಚಪ್ಪಲಿ.

ಪೈಪಿನ ಬಾಯನ್ನು ನೀರು ಬರುವ ದಿಕ್ಕಿಗೆ ಇಟ್ಟಿದ್ದೆ, ಅದು ಮೊದಲನೇ ತಪ್ಪು. ಮೇವಿನ ವಾಸನೆ ನೀರಿನ ಜೊತೆ ಕೆಳಕ್ಕೆ ಹೋಗುತ್ತದೆ. ಏಡಿ ಅದನ್ನು ಹಿಡಿದುಕೊಂಡು ಕೆಳಗಿನಿಂದ ಮೇಲೆ ಬರುತ್ತದೆ. ಬಾಯಿ ನೀರು ಹರಿದು ಹೋಗುವ ದಿಕ್ಕಿಗೆ ಇರಬೇಕು. ಹತ್ತುಮೀನಿನ ಕೂಣಿಗೂ ಬಾಯಿ ಆ ದಿಕ್ಕಿಗೇ ಅಲ್ವಾ? ಕಣ್ಣೆದುರಿಗೇ ಇತ್ತು, ನನಗೆ ಹೊಳೆಯಲಿಲ್ಲ.

ಬಾಯಿ ತಿರುಗಿಸಿದ ಮೇಲೆ ಏಡಿ ಒಳಗೆ ಬಂದವು, ಆದರೆ ಉಳಿಯಲಿಲ್ಲ. ರಾತ್ರಿ ಹತ್ತಕ್ಕೆ ಟಾರ್ಚು ಬಿಟ್ಟು ನೋಡಿದಾಗ ಎರಡು ಒಳಗಿದ್ದವು. ಬೆಳಿಗ್ಗೆ ಒಂದೂ ಇಲ್ಲ, ಮೇವೂ ಇಲ್ಲ. ಊಟ ಹಾಕಿ ಕಳಿಸಿದ ಹಾಗಾಯಿತು. ಪೈಪು ಕ್ಯಾನಿನ ಗೋಡೆಗೆ ಸಮ ಇತ್ತು, ಗೋಡೆ ಹಿಡಿದು ಹತ್ತಿ ವಾಪಸ್ ಹೋಗುತ್ತಿದ್ದವು. ಪೈಪನ್ನು ಒಳಗೆ ನಾಲ್ಕೈದು ಇಂಚು ಚಾಚಿಸಿದೆ. ಈಗ ಹೊರಗೆ ಹೋಗುವುದು ನಿಂತಿತು, ಜೊತೆಗೆ ಒಳಗೆ ಬರುವುದೂ ನಿಂತಿತು!

ಇದು ಯಾಕೆ ಅಂತ ಗೊತ್ತಾಗಲು ಒಂದು ರಾತ್ರಿ ಪೂರ್ತಿ ಕೊಡೆ ಹಿಡಿದು ಹಳ್ಳದ ಬದಿ ಕೂತೆ. ಇಂಬಳ (ಜಿಗಣೆ) ಎಷ್ಟು ಹತ್ತಿದವೋ ಲೆಕ್ಕವಿಲ್ಲ. ಒಂದು ದೊಡ್ಡ ಏಡಿ ಬಂತು. ಪೈಪಿನ ಬಾಯಿ ಮುಟ್ಟಿತು. ಮುಂದಿನ ಎರಡು ಕಾಲು ಒಳಗಿಟ್ಟು ಮೈ ಎಳೆದುಕೊಳ್ಳಲು ನೋಡಿತು. ಕಾಲು ಸರ್‍ರನೆ ಜಾರಿ ವಾಪಸ್. ಮತ್ತೊಮ್ಮೆ ಅದೇ ಕತೆ. ನಾಲ್ಕನೇ ಸಲ ಜಾರಿದ ಮೇಲೆ ಪೈಪಿನ ಮೇಲೆ ಹತ್ತಿ, ಕ್ಯಾನಿನ ತೂತಿಗೆ ಚಿಮ್ಮಟ ಹಾಕಿ ಸ್ವಲ್ಪ ಹೊತ್ತು ಕೆರೆದು, ಬೇಜಾರಾಗಿ ಹೋಯಿತು. ನುಣುಪು ಪ್ಲಾಸ್ಟಿಕ್ಕಿನಲ್ಲಿ ಅದಕ್ಕೆ ಹಿಡಿತ ಸಿಗುತ್ತಿರಲಿಲ್ಲ, ಅಷ್ಟೇ ವಿಷಯ. ಪೈಪಿನ ಬಾಯಿ ಬೇರೆ ನೆಲದಿಂದ ಮೂರು ಇಂಚು ಮೇಲಿತ್ತು.

ಆಕ್ಸಾ ಬ್ಲೇಡಿನಲ್ಲಿ ಪೈಪಿನ ಒಳಗೆ ಅಡಿಭಾಗ ಪೂರ್ತಿ ಅಡ್ಡಡ್ಡ ಗೀರಿದೆ, ಬೆರಳಾಡಿಸಿದರೆ ಹೆರೆಮಣೆ ಥರ ತಾಗಬೇಕು. ಒಳತುದಿಯ ಎರಡು ಇಂಚು ಮಾತ್ರ ಗೀರದೆ ನುಣುಪಾಗಿಯೇ ಬಿಟ್ಟೆ. ಏಡಿ ಗೀರು ಹಿಡಿದು ಬರುತ್ತದೆ, ಕೊನೆಯ ಎರಡು ಇಂಚಿನಲ್ಲಿ ಜಾರಿ ದೊಪ್ಪನೆ ಬೀಳುತ್ತದೆ. ವಾಪಸ್ ಹತ್ತಲು ಏನೂ ಸಿಗುವುದಿಲ್ಲ. ಕ್ಯಾನನ್ನು ಮೂರು ಇಂಚು ಮಣ್ಣಿನಲ್ಲಿ ಹೂತು ಪೈಪಿನ ಬಾಯಿ ನೆಲಕ್ಕೆ ಸಮ ಮಾಡಿದೆ. ಮುಂದೆ ಎರಡು ಹಿಡಿ ಮರಳು. 2022ರ ಪುನರ್ವಸು ಮಳೆಯಲ್ಲಿ ಎರಡು ಕ್ಯಾನಿಗೆ ಒಂಬತ್ತೋ ಹತ್ತೋ ಬಿದ್ದವು. "ಅಪರೂಪಕ್ಕೆ ಬಿದ್ದಿರ್ತಾವೆ" ಅಂದರು ಚಿಕ್ಕಪ್ಪ.

ಮೇವಿನ ವಿಷಯ. ಕೋಳಿ ಕರುಳು ಬಿಟ್ಟಿ ಸಿಗುತ್ತದೆ, ಆದರೆ ಹರಿಯುವ ನೀರಿನಲ್ಲಿ ಬೇಗ ತೊಳೆದು ಹೋಗುತ್ತದೆ. ಶೇಂಗಾ ಹಿಂಡಿಗೆ ಸಣ್ಣ ಮೀನು ಬಂದವು, ಏಡಿ ಕಮ್ಮಿ. ಹಲಸಿನ ಹಣ್ಣಿನ ಸಿಪ್ಪೆಗೆ ಗದ್ದೆ ಏಡಿ ಚೆನ್ನಾಗಿ ಬಂದವು, ನಾನೇ ನಂಬಿರಲಿಲ್ಲ. ಆದರೆ ಕಲ್ಲೇಡಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಈಗ ನನ್ನದು ಒಣ ಬಂಗುಡೆ, ಸುಟ್ಟು ಜಜ್ಜಿ ಹಳೇ ಸೊಳ್ಳೆಪರದೆಯ ಚೂರಿನಲ್ಲಿ ಬಿಗಿಯಾಗಿ ಗಂಟು ಕಟ್ಟಿದ್ದು. ಒಂದು ಟ್ರಿಪ್ಪಿಗೆ ನೂರು ರೂಪಾಯಿಯ ಒಣಮೀನು ಸಾಕು. ಅದರ ಜೊತೆ ಇನ್ನೊಂದು ಸೇರಿಸುತ್ತೇನೆ. ಅದು ಅಡುಗೆಮನೆಯಲ್ಲೇ ಇರುವ ವಸ್ತು, ಇಲ್ಲಿ ಹೇಳುವುದಿಲ್ಲ. ಆರು ವರ್ಷ ಕಷ್ಟಪಟ್ಟಿದ್ದೇನೆ, ಅಷ್ಟು ಹಕ್ಕು ಇರಲಿ.

ಒಂದು ದೊಡ್ಡ ನಷ್ಟವನ್ನು ಮಾತ್ರ ಮುಚ್ಚಿಡುವುದಿಲ್ಲ. 2023ರಲ್ಲಿ ಗದ್ದೆಯಂಚಿನ ನಿಂತ ನೀರಿನಲ್ಲಿ ಒಂದು ಕ್ಯಾನನ್ನು ಪೂರ್ತಿ ಮುಳುಗಿಸಿಟ್ಟೆ. ಬೆಳಿಗ್ಗೆ ಹನ್ನೊಂದು ಏಡಿ, ಹನ್ನೊಂದೂ ಸತ್ತಿದ್ದವು. ಕಿವಿರು ಒದ್ದೆ ಇದ್ದರೆ ಏಡಿ ಗಾಳಿಯಲ್ಲಿ ಬದುಕುತ್ತದೆ, ಕೊಳೆತ ನೀರಿನಲ್ಲಿ ಒತ್ತೊತ್ತಾಗಿ ಕೂಡಿಹಾಕಿದರೆ ಸಾಯುತ್ತದೆ. ಸತ್ತ ಏಡಿ ಬೇಯಿಸಬಾರದು, ಎಲ್ಲವನ್ನೂ ತೆಂಗಿನ ಬುಡಕ್ಕೆ ಹೂತೆವು. ಈಗ ಕ್ಯಾನಿನ ಮೇಲಿನ ಕಾಲುಭಾಗ ನೀರಿನ ಮೇಲೇ ಇರುತ್ತದೆ. ರಾತ್ರಿ ಮಳೆ ಜೋರಾದರೆ ಎದ್ದು ಹೋಗಿ ಮೇಲೆ ಸರಿಸುತ್ತೇನೆ. ಹಿಡಿದದ್ದನ್ನು ಬಕೆಟಿನಲ್ಲಿ ಒದ್ದೆ ಗೋಣಿಚೀಲದ ಕೆಳಗೆ ಇಡುತ್ತೇನೆ, ನೀರು ತುಂಬುವುದಿಲ್ಲ. ಬೆಳಿಗ್ಗೆ ಬಾಗಿಲು ಬಿಚ್ಚುವಾಗ ಕೋಲು ಉಪಯೋಗಿಸಿ. ಒಮ್ಮೆ ಏಡಿಗಳ ನಡುವೆ ನೀರು ಹಾವು ಸುರುಳಿ ಸುತ್ತಿಕೊಂಡಿತ್ತು. ವಿಷವಿಲ್ಲದಿದ್ದರೂ ಅದಕ್ಕೆ ಸಿಟ್ಟು ಜಾಸ್ತಿ.

ಹೊಟ್ಟೆಯ ಮಡಿಕೆ ಅಗಲವಾಗಿ ದುಂಡಗಿದ್ದರೆ ಹೆಣ್ಣು. ಮಳೆ ಶುರುವಿನಲ್ಲಿ ಅದನ್ನು ಮೆಲ್ಲಗೆ ಬಿಡಿಸಿ ನೋಡಿದರೆ ಕೆಲವದರಲ್ಲಿ ಸಾಸಿವೆ ಕಾಳಿನಂಥ ಮರಿಗಳು ಗಿಜಿಗಿಜಿ ಅನ್ನುತ್ತಿರುತ್ತವೆ. ಅಂಥವನ್ನು, ಸಣ್ಣವನ್ನು ಅಲ್ಲೇ ಬಿಡುತ್ತೇವೆ. 34ರಲ್ಲಿ ನಾವು ಇಟ್ಟುಕೊಂಡದ್ದು ಇಪ್ಪತ್ತೆರಡು ಇರಬಹುದು. ಇದೆಲ್ಲ ಗೆಳೆಯನ ಜಾಗದ ಹಳ್ಳದಲ್ಲಿ, ಮನೆಯವರನ್ನು ಕೇಳಿಯೇ ಮಾಡುವುದು. ರಿಸರ್ವ್ ಫಾರೆಸ್ಟಿನಲ್ಲಿ, ಸೋಮೇಶ್ವರ, ಕುದುರೆಮುಖದ ಕಾಡಿನಲ್ಲಿ ಕ್ಯಾನು ಇಟ್ಟರೆ ಕೇಸು ಬೀಳುತ್ತದೆ, ಬೀಳಲೂ ಬೇಕು. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮದ ಕಡೆಯಂತೂ ತಲೆ ಹಾಕಬೇಡಿ.

ಅಡುಗೆ ನಮ್ಮಲ್ಲಿ ಒಬ್ಬನೇ ಮಾಡುವುದು. ಚಿಪ್ಪು, ಕಿವಿರು ತೆಗೆದು ಮೈ ಎರಡು ತುಂಡು. ಸಣ್ಣ ಕಾಲುಗಳನ್ನು ಕಲ್ಲಿನಲ್ಲಿ ಜಜ್ಜಿ, ನೀರು ಹಾಕಿ ಹಿಂಡಿ, ಬಟ್ಟೆಯಲ್ಲಿ ಎರಡು ಸಲ ಸೋಸಿದ ರಸವೇ ಸಾರಿನ ಜೀವ. ಹುರಿದ ಕೊತ್ತಂಬರಿ ಬೀಜ, ಕಾಳುಮೆಣಸು, ಬೆಳ್ಳುಳ್ಳಿ, ತೆಂಗಿನಕಾಯಿ, ಹುಳಿಗೆ ಒಣಗಿಸಿದ ವಾಟೆಹುಳಿ. ಅರ್ಧ ಗಂಟೆ ಕುದಿಯಲೇಬೇಕು. ಹೊಳೆ ಏಡಿಯನ್ನು ಹಸಿಬಿಸಿ ತಿಂದರೆ ಶ್ವಾಸಕೋಶಕ್ಕೆ ಹುಳ ಸೇರಬಹುದು. ಮಣಿಪುರದ ಕಡೆ ಈ ಕಾಯಿಲೆ ಇದೆ, ಕೆಮ್ಮಿದರೆ ರಕ್ತ ಬಂದು ಕ್ಷಯ ಅಂತಲೇ ತಿಳಿಯುತ್ತಾರೆ. ಕೆಂಡದ ಮೇಲೆ ಎರಡು ನಿಮಿಷ ಸುಟ್ಟು ಚೀಪುವ ಶೋಕಿ ನಮ್ಮಲ್ಲೂ ಒಬ್ಬನಿಗಿತ್ತು, ಬಿಡಿಸಿದ್ದೇವೆ.

ಬೇರೆ ಪ್ರಯೋಗಗಳೂ ಆದವು. ಕಳಲೆ ಕಿತ್ತು ಅದೇ ದಿನ ಪಲ್ಯ ಮಾಡಿದೆವು, ಬಾಯಿಗಿಡಲಾಗದಷ್ಟು ಕಹಿ. ದಿನಾ ನೀರು ಬದಲಿಸಿ ಮೂರು ದಿನ ನೆನೆಸಬೇಕು, ನಮ್ಮ ಟ್ರಿಪ್ಪೇ ಎರಡು ದಿನ. ಅಣಬೆಯನ್ನು ಚಿಕ್ಕಮ್ಮ ನೋಡಿ ಹೂಂ ಅನ್ನದೆ ಮುಟ್ಟುವುದಿಲ್ಲ. ಚಗಳಿ (ಮರದ ಕೆಂಪಿರುವೆ) ಚಟ್ನಿ ಚೆನ್ನಾಗಿತ್ತು, ಗೂಡು ಇಳಿಸಲು ಹೋದವನು ಮಾತ್ರ ಇನ್ನೂ ನಮ್ಮನ್ನು ಬೈಯುತ್ತಾನೆ.

ಮೀನಿಗೂ ಇದೇ ಕ್ಯಾನು ಆಗುತ್ತದಾ ಅಂತ ಕಳೆದ ವರ್ಷ ನೋಡಿದೆ. ನಾಲ್ಕು ಗೊಜಲೆ, ಒಂದು ಮುರುಗೋಡು. ಪಕ್ಕದಲ್ಲೇ ಇದ್ದ ಚಿಕ್ಕಪ್ಪನ ಕೂಣಿಯಲ್ಲಿ ಅರ್ಧ ಬಕೆಟ್. ಅವರು ಏನೂ ಅನ್ನಲಿಲ್ಲ, ನನ್ನ ಮೀನನ್ನೂ ತಮ್ಮ ಬಕೆಟಿಗೆ ಸುರಿದುಕೊಂಡರು. ಹೊರಡುವಾಗ ಜೀಪಿನ ಹಿಂದೆ ಎಣಿಸಿದರೆ ಮೂರೇ ಕ್ಯಾನು. ನಾಲ್ಕನೆಯದು ಕೊಟ್ಟಿಗೆಯ ಅಟ್ಟದಲ್ಲಿ, ಕೂಣಿಗಳ ಪಕ್ಕ ಇತ್ತು. ನಾನೂ ಕೇಳಲಿಲ್ಲ. ಮೇವಿಗೆ ಏನು ಸೇರಿಸುತ್ತೇನೆ ಅನ್ನುವುದನ್ನು ಅವರಿಗೂ ಹೇಳಿಲ್ಲ.