ಸಿಲಿಂಡರಿನ ಚೀಟಿಯನ್ನು ಎಷ್ಟು ನಂಬಬೇಕು?

ಪುಣೆಯ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಅಂತ ಅಳೆಯುವುದು ನನ್ನ ಕೆಲಸ. ಮಷೀನ್ ತನ್ನಷ್ಟಕ್ಕೆ ಅಂಕಿ ಕೊಡುತ್ತಲೇ ಇರುತ್ತದೆ. ಅದು ಸರಿಯೋ ಇಲ್ಲವೋ ಎಂದು ತೋರಿಸುವುದು ಒಳಗೆ ಈ ಅನಿಲ ಎಷ್ಟಿದೆ ಎಂದು ಮೊದಲೇ ಅಳೆದು ಚೀಟಿ ಅಂಟಿಸಿ, ಪಕ್ಕದಲ್ಲಿ ಸರಪಳಿ ಬಿಗಿದು ನಿಲ್ಲಿಸಿದ ಸಿಲಿಂಡರ್‌ಗಳು. ನನ್ನ ಹೊತ್ತೆಲ್ಲ ಜಾಸ್ತಿ ಹೋಗುವುದು ಅವುಗಳ ಹಿಂದೆಯೇ.

ನಮ್ಮವು ಎಕ್ಸ್2014ಎ ಸ್ಕೇಲಿನವು, ಅಂದರೆ ಈ ಅನಿಲ ಅಳೆಯಲು ಎಲ್ಲರೂ ಒಪ್ಪಿಕೊಂಡ ಅಳತೆಗೋಲಿನವು. ವಿಶ್ವ ಹವಾಮಾನ ಸಂಸ್ಥೆಯ ಪರವಾಗಿ ಅದನ್ನು ಕಾಯುವುದು ಅಮೆರಿಕದ ಬೌಲ್ಡರ್‌ನಲ್ಲಿರುವ ನೋವಾ (ಅಲ್ಲಿನ ಸರ್ಕಾರದ ಸಾಗರ ಮತ್ತು ವಾತಾವರಣ ಸಂಸ್ಥೆ) ಪ್ರಯೋಗಾಲಯ. ಅಲ್ಲಿ ಅನಿಲವನ್ನು ತೂಗಿ ಬೆರೆಸಿ ಮೂಲ ಸಿಲಿಂಡರ್ ಮಾಡುತ್ತಾರೆ. ಅದರ ಜೊತೆ ಹೋಲಿಸಿದ್ದು ನಮಗೆ ಬರುತ್ತದೆ.

ತೊಂದರೆ ಏನೆಂದರೆ, ಅಲ್ಯೂಮಿನಿಯಂ ಸಿಲಿಂಡರಿನೊಳಗೆ ಕಾರ್ಬನ್ ಮೊನಾಕ್ಸೈಡ್ ವರ್ಷ ಕಳೆದಂತೆ ನಿಧಾನಕ್ಕೆ ಹೆಚ್ಚುತ್ತದೆ. ಚೀಟಿಯಲ್ಲಿ 150 ಪಿಪಿಬಿ (ನೂರು ಕೋಟಿಯಲ್ಲಿ 150 ಭಾಗ), ಒಳಗೆ 153 ಅಂತಿಟ್ಟುಕೊಳ್ಳಿ. ಮಷೀನಿಗೆ ನಾವು 153ನ್ನೇ 150 ಎಂದು ಕಲಿಸಿರುತ್ತೇವೆ. ಊರ ಗಾಳಿ ಸುಮ್ನೆ ಶುದ್ಧವಾದಂತೆ ಕಾಣುತ್ತದೆ! ಎಲ್ಲ ಸಿಲಿಂಡರ್‌ಗಳೂ ಒಂದೇ ರೀತಿ ಏರಿದರೆ, ಒಂದನ್ನೊಂದು ಹೋಲಿಸಿದರೂ ಗೊತ್ತಾಗುವುದಿಲ್ಲ. ಅದಕ್ಕೇ ಖಾಲಿಯಾಗುವ ಮುಂಚೆ, ಒತ್ತಡ ಇರುವಾಗಲೇ, ಮತ್ತೆ ಅಳೆಸಲು ವಾಪಸ್ ಕಳಿಸಬೇಕು. ಹಳೆಯ, ಹೊಸ ಅಂಕಿಗಳ ನಡುವಿನ ದಿನಗಳಿಗೆ ಏರಿಕೆಯನ್ನು ಹಂಚುತ್ತೇನೆ. ಕಸ್ಟಮ್ಸ್ ಕಾಗದಪತ್ರದ ತಲೆನೋವು ಬೇರೆ.

ಇಷ್ಟೆಲ್ಲ ಬೇಕಾ? ರಸ್ತೆ ಬದಿಯ ಅಳತೆಗೆ ಬೇಡ. ನಮ್ಮ ದೇಶದ 8 ಗಂಟೆಯ ಮಿತಿ ಘನ ಮೀಟರಿಗೆ 2 ಮಿಲಿಗ್ರಾಂ, ಅಂದರೆ ಸುಮಾರು 1750 ಪಿಪಿಬಿ. ಅದರ ಮುಂದೆ 3 ಪಿಪಿಬಿ ಲೆಕ್ಕಕ್ಕೇ ಇಲ್ಲ. ಆದರೆ ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಗಾಳಿ ಬೀಸುವಾಗ ಅಂಕಿ ತೀರಾ ಕೆಳಗಿಳಿಯುತ್ತದೆ. ವರ್ಷದಿಂದ ವರ್ಷಕ್ಕೆ ಆ ಗಾಳಿ ಬದಲಾಯಿತಾ ಎಂದು ನೋಡಬೇಕಾದರೆ ಅಳತೆಯ ವ್ಯತ್ಯಾಸ 2 ಪಿಪಿಬಿ ಒಳಗಿರಬೇಕು. ವಿಶ್ವ ಹವಾಮಾನ ಸಂಸ್ಥೆ ಇಟ್ಟಿರುವ ಗುರಿಯೂ ಅಷ್ಟೇ.

ಸಿಲಿಂಡರಿನ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇನ್ನೊಂದು ಕಾಟ. ಮೊನ್ನೆ ಹೊಸದಾಗಿ ಸೇರಿದ ಧಾರವಾಡದ ಹುಡುಗ, "ಸರ್, ರೀಡಿಂಗ್ ಇಳೀತಾನೇ ಇದೆ, ಮಷೀನ್ ಕೆಟ್ಟಿದೆಯಾ?" ಎಂದ.

"ಮಷೀನ್ ಸರಿಯಾಗಿದೆ ಕಣಪ್ಪಾ. ರೆಗ್ಯುಲೇಟರ್‌ನಲ್ಲಿ ರಾತ್ರಿಯಿಡೀ ನಿಂತಿದ್ದ ಅನಿಲ ಅದು, ಹೊರಗೆ ಬಿಡು."

ವಾಲ್ವ್ ತೆರೆದು ತುಂಬಿಸು, ಮುಚ್ಚು, ಹೊರಗೆ ಬಿಡು. ಹೀಗೆ ಮತ್ತೆ ಮತ್ತೆ ಮಾಡಿಸಿದೆ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತಾ ನೋಡಿದೆವು. ಗೆರೆ ಮಟ್ಟಸವಾಗಿ ನಿಂತ ಮೇಲಿನ ರೀಡಿಂಗ್ ಮಾತ್ರ ತೆಗೆದುಕೊಂಡೆವು.

ಕ್ಯಾಲಿಬ್ರೇಶನ್‌ಗೆ (ಮಷೀನಿಗೆ ಅಂಕಿ ಕಲಿಸಲು) ಬಳಸದ ಒಂದು ಸಿಲಿಂಡರನ್ನೂ ದಿನಾ ಓಡಿಸುತ್ತೇನೆ. ಅದರ ಅಂಕಿ ಜಾರಿದರೆ ಕೊಳವೆಯ ಲೈನಿನಲ್ಲಿ ತೊಂದರೆ ಎಲ್ಲಿ ಎಂದು ಹುಡುಕುವುದು ಶುರು. ಕಚ್ಚಾ ರೀಡಿಂಗ್ ಅಂತೂ ಎಂದೂ ಅಳಿಸುವುದಿಲ್ಲ. ಸ್ಕೇಲ್ ಬದಲಾದ ದಿನ ಹಳೆಯದೆಲ್ಲ ಮತ್ತೆ ಲೆಕ್ಕ ಹಾಕಬೇಕಲ್ವಾ.