ಅನ್‌ಇನ್‌ಸ್ಟಾಲ್ ಆಗದೆ ಹಟ ಹಿಡಿದ ಸಾಫ್ಟ್‌ವೇರ್: ಫೈಲ್ ಯಾರ ಕೈಯಲ್ಲಿದೆ?

ಬೇಡವಾದ ಸಾಫ್ಟ್‌ವೇರ್ ತೆಗೆಯಲು ಹೊರಟಾಗ ‘ಫೈಲ್ ಬಳಕೆಯಲ್ಲಿದೆ’ ಎಂಬ ಸಂದೇಶ ಬಂದು ಕೆಲಸ ಅರ್ಧಕ್ಕೆ ನಿಂತರೆ, ಅನೇಕರು ಪ್ರೋಗ್ರಾಂ ಫೈಲ್ಸ್ ಒಳಗಿನ ಫೋಲ್ಡರನ್ನೇ ಅಳಿಸಲು ಕೈಹಾಕುತ್ತಾರೆ. ಅದು ಬೇಡ. ಫೋಲ್ಡರ್ ಜತೆಗೆ ಅನ್‌ಇನ್‌ಸ್ಟಾಲರ್ ಕೂಡ ಹೋಗಿಬಿಟ್ಟರೆ, ರಿಜಿಸ್ಟ್ರಿಯಲ್ಲಿ (ವಿಂಡೋಸ್ ಸೆಟ್ಟಿಂಗ್‌ಗಳನ್ನು ಬರೆದಿಡುವ ದಾಖಲೆ) ಉಳಿದ ಕಸವನ್ನು ತೆಗೆಯುವುದು ಇನ್ನಷ್ಟು ತಲೆನೋವು. ಫೈಲನ್ನು ಹಿಡಿದಿರುವ ಪ್ರೋಗ್ರಾಂ ಯಾವುದೆಂದು ಪತ್ತೆ ಮಾಡುವುದೇ ಸರಿಯಾದ ದಾರಿ. ಓಡುತ್ತಿರುವ ಪ್ರೋಗ್ರಾಂನ ಫೈಲನ್ನಾಗಲಿ, ಅದು ಬಳಸುತ್ತಿರುವ ಡಿಎಲ್‌ಎಲ್ (ಪ್ರೋಗ್ರಾಂಗಳು ಎರವಲು ಪಡೆದು ಬಳಸುವ ಕೋಡ್ ಇರುವ) ಫೈಲನ್ನಾಗಲಿ ಅಳಿಸಲು ವಿಂಡೋಸ್ ಬಿಡುವುದಿಲ್ಲ.

ಮೊದಲು ಟಾಸ್ಕ್‌ಬಾರ್‌ನಲ್ಲಿ ಗಡಿಯಾರದ ಪಕ್ಕದ ಸಣ್ಣ ಐಕಾನ್‌ಗಳನ್ನು ನೋಡಿ. ಕಿಟಕಿ ಮುಚ್ಚಿದ ಮೇಲೂ ಎಷ್ಟೋ ಸಾಫ್ಟ್‌ವೇರ್‌ಗಳು ಅಲ್ಲಿ ಅಡಗಿ ಕುಳಿತಿರುತ್ತವೆ. ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಕ್ಸಿಟ್’ ಕೊಡಿ. ಬಳಿಕ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಅದೇ ಹೆಸರಿನ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಇದ್ದರೆ ‘ಎಂಡ್ ಟಾಸ್ಕ್’ ಒತ್ತಿ. ನಿಲ್ಲಿಸಿದ ಕೂಡಲೇ ಮತ್ತೆ ತಲೆ ಎತ್ತಿದರೆ ಅದರ ಹಿಂದೆ ಸರ್ವಿಸ್ (ತೆರೆಮರೆಯಲ್ಲಿ ಓಡುವ ಪ್ರೋಗ್ರಾಂ) ಇರುವ ಸಾಧ್ಯತೆ ಹೆಚ್ಚು. ಸರ್ವಿಸಸ್ ಪಟ್ಟಿಯಲ್ಲಿ ಅದನ್ನು ಹುಡುಕಿ ‘ಸ್ಟಾಪ್’ ಮಾಡಿ.

ಹೆಸರೇ ಕಾಣದಿದ್ದರೆ? ಇಲ್ಲಿ ರಿಸೋರ್ಸ್ ಮಾನಿಟರ್ ನೆರವಿಗೆ ಬರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ ತೆರೆದು, ಸಿಪಿಯು ಟ್ಯಾಬ್‌ನ ‘ಅಸೋಸಿಯೇಟೆಡ್ ಹ್ಯಾಂಡಲ್ಸ್’ ಭಾಗದಲ್ಲಿ ಫೈಲ್ ಅಥವಾ ಫೋಲ್ಡರ್ ಹೆಸರು ಟೈಪ್ ಮಾಡಿ. ಅದನ್ನು ಹಿಡಿದಿರುವ ಪ್ರೋಸೆಸ್‌ನ ಹೆಸರು ಕಾಣಿಸುತ್ತದೆ. ಮೈಕ್ರೋಸಾಫ್ಟ್‌ನದೇ ಉಚಿತ ಪವರ್‌ಟಾಯ್ಸ್ ಇದ್ದರೆ, ಅದರಲ್ಲಿನ ಫೈಲ್ ಲಾಕ್‌ಸ್ಮಿತ್ ರೈಟ್ ಕ್ಲಿಕ್‌ನಲ್ಲೇ ಈ ಕೆಲಸ ಮಾಡಿಕೊಡುತ್ತದೆ.

ಅನೇಕ ಸಲ ಸಿಕ್ಕಿಬೀಳುವುದು ವಿಂಡೋಸ್ ಎಕ್ಸ್‌ಪ್ಲೋರರ್! ರೈಟ್ ಕ್ಲಿಕ್ ಮೆನುವಿಗೆ ತಮ್ಮ ಆಯ್ಕೆ ಸೇರಿಸುವ ಸಾಫ್ಟ್‌ವೇರ್‌ಗಳ, ಉದಾಹರಣೆಗೆ ಜಿಪ್ ತಂತ್ರಾಂಶಗಳ, ಡಿಎಲ್‌ಎಲ್ ಎಕ್ಸ್‌ಪ್ಲೋರರ್ ಒಳಗೇ ಸೇರಿಕೊಂಡಿರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದನ್ನು ಆರಿಸಿ ‘ರೀಸ್ಟಾರ್ಟ್’ ಒತ್ತಿದರೆ ಪರದೆ ಕ್ಷಣಕಾಲ ಬರಿದಾಗಿ ಮರಳುತ್ತದೆ, ಗಾಬರಿ ಬೇಡ. ತಕ್ಷಣ ಅನ್‌ಇನ್‌ಸ್ಟಾಲ್ ಮತ್ತೆ ಶುರುಮಾಡಿ.

ಇಷ್ಟಕ್ಕೂ ಬಗ್ಗದಿದ್ದರೆ ಕಂಪ್ಯೂಟರನ್ನು ‘ರೀಸ್ಟಾರ್ಟ್’ ಮಾಡಿ, ‘ಶಟ್ ಡೌನ್’ ಅಲ್ಲ. ಫಾಸ್ಟ್ ಸ್ಟಾರ್ಟಪ್ ಚಾಲ್ತಿಯಲ್ಲಿದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸ್ ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು, ಮುಂದಿನ ಸಲ ಅದನ್ನೇ ಎಬ್ಬಿಸುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಅಳಿಸಲಾಗದ ಫೈಲ್‌ಗಳನ್ನು ‘ಮುಂದಿನ ಬೂಟ್‌ಗೆ’ ಎಂದು ಗುರುತು ಮಾಡಿಡುವ ಅನ್‌ಇನ್‌ಸ್ಟಾಲರ್‌ಗಳಿಗೂ ಇದೇ ಬೇಕು.

ಅತ್ಯಗತ್ಯ ಭಾಗಗಳಷ್ಟೇ ಓಡುವ ಸೇಫ್ ಮೋಡ್‌ಗೆ ಹೋಗುವುದಾದರೆ ಒಂದು ತೊಡಕು ಗೊತ್ತಿರಲಿ: ಅಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸರ್ವಿಸ್ ಸಾಮಾನ್ಯವಾಗಿ ಓಡುವುದಿಲ್ಲ. ಹಾಗಾಗಿ ಎಂಎಸ್‌ಐ (ಈ ಇನ್‌ಸ್ಟಾಲರ್ ಬಳಸುವ ಫೈಲ್ ಮಾದರಿ) ಮೂಲಕ ಸ್ಥಾಪಿಸಿದ ಸಾಫ್ಟ್‌ವೇರ್‌ಗಳನ್ನು ಅಲ್ಲಿ ತೆಗೆಯಲಾಗದು.

ಆಂಟಿವೈರಸ್‌ನ ಕಥೆಯೇ ಬೇರೆ. ಯಾರೂ ನಿಲ್ಲಿಸದಂತೆ ತನ್ನನ್ನು ತಾನೇ ಕಾಯ್ದುಕೊಳ್ಳುವಂತೆ ಅದನ್ನು ಕಟ್ಟಿರುತ್ತಾರೆ. ಅದರ ಸೆಟ್ಟಿಂಗ್ಸ್‌ನಲ್ಲಿ ಸ್ವರಕ್ಷಣೆ ಆಯ್ಕೆಯನ್ನು ಆಫ್ ಮಾಡಿ ನೋಡಿ. ಅದೂ ಆಗದಿದ್ದರೆ ತಯಾರಕರ ಅಧಿಕೃತ ತಾಣದಲ್ಲಿ ಅದಕ್ಕೆಂದೇ ತೆಗೆಯುವ ಸಾಧನ ಇದೆಯೇ ಹುಡುಕಿ.