ವಲೆಟ್ಟಾದ ನೆಲದಡಿಯ ನೀರು: ಕೋಲಾರದವನೊಬ್ಬನ ಸಮ್ಮೇಳನ ಪ್ರವಾಸ

ಮೆಡಿಟರೇನಿಯನ್ ಸಮುದ್ರದ ದ್ವೀಪದೇಶ ಮಾಲ್ಟಾದ ರಾಜಧಾನಿ ವಲೆಟ್ಟಾದಲ್ಲಿ, ಮಳೆನೀರು ಸಂಗ್ರಹದ ಹಳೆಯ ಪದ್ಧತಿಗಳನ್ನು ಕುರಿತು ನಡೆಯಲಿದ್ದ ಸಮ್ಮೇಳನಕ್ಕೆ, ಕೋಲಾರ ತಾಲ್ಲೂಕಿನ ಕೆರೆಗಳ ತೂಬುಗಳ ಬಗ್ಗೆ ನಾನು ಬರೆದ ಪ್ರಬಂಧ ಆಯ್ಕೆಯಾಯಿತೆಂದು ತಿಳಿದಾಗ, ನಾನು ಮೊದಲು ಹುಡುಕಿದ್ದು ಮಾಲ್ಟಾದಲ್ಲಿ ವರ್ಷಕ್ಕೆ ಎಷ್ಟು ಮಳೆಯಾಗುತ್ತದೆ ಎಂಬುದನ್ನು. ಸುಮಾರು 550 ಮಿಲಿಮೀಟರ್. ಬರದ ಜಿಲ್ಲೆಯೆಂದು ಹೆಸರಾದ ನಮ್ಮ ಕೋಲಾರದಲ್ಲಿಯೇ 700 ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ. ಅಲ್ಲಿ ನದಿಯಿಲ್ಲ, ಸರೋವರವಿಲ್ಲ, ಬೇಸಿಗೆಯಲ್ಲಿ ಮಳೆಯ ಸುಳಿವೇ ಇರುವುದಿಲ್ಲ. ಅಂಥ ದ್ವೀಪದ ಬಂದರಿನ ದಂಡೆಯ ಮೇಲೆ ನಾಲ್ಕೂವರೆ ಶತಮಾನಗಳಿಂದ ಒಂದು ನಗರ ನಿಂತಿದೆಯೆಂದರೆ ಅಲ್ಲಿಯವರು ಯಾವ ನೀರು ಕುಡಿದು ಬದುಕಿದರು ಎಂಬ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಊರು ನೋಡುವ ಯೋಜನೆಯನ್ನೆಲ್ಲ ಈ ಒಂದೇ ಪ್ರಶ್ನೆಯ ಸುತ್ತ ಕಟ್ಟಿಕೊಂಡೆ.

ಸಮ್ಮೇಳನ ಸೋಮವಾರದಿಂದ ಬುಧವಾರದವರೆಗೆ ಇತ್ತು. ನಾನು ಎರಡು ಕೆಲಸ ಮಾಡಿದೆ. ಎರಡು ದಿನಗಳ ವಸತಿಯ ಖರ್ಚನ್ನು ಕೈಯಿಂದ ಹಾಕಿಕೊಂಡು ಶನಿವಾರ ಬೆಳಿಗ್ಗೆಯೇ ತಲುಪುವಂತೆ ಟಿಕೆಟ್ ಮಾಡಿಸಿದೆ. ನನ್ನ ಪ್ರಬಂಧ ಮಂಡನೆಯನ್ನು ಮೊದಲ ದಿನದ ಮೊದಲ ಗೋಷ್ಠಿಗೇ ಹಾಕಿರೆಂದು ಸಂಘಟಕರನ್ನು ಕೇಳಿಕೊಂಡೆ. ಮಂಡನೆ ಕೊನೆಯ ದಿನವಿದ್ದರೆ ಅಲ್ಲಿಯವರೆಗೂ ಮನಸ್ಸು ಸ್ಲೈಡುಗಳಲ್ಲಿಯೇ ಇರುತ್ತದೆ ಎಂಬುದು ಹಿಂದಿನ ಸಮ್ಮೇಳನಗಳಲ್ಲಿ ನನಗಾದ ಅನುಭವ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಆಹ್ವಾನಪತ್ರ ಬಂದದ್ದು ತಡವಾಗಿ, ಬಂದ ಪತ್ರದಲ್ಲಿ ನನ್ನ ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನಲ್ಲಿ ಇದ್ದಂತೆ ಇರಲಿಲ್ಲ. ತಿದ್ದಿಸಿಕೊಳ್ಳುವುದರಲ್ಲಿ ಇನ್ನೆರಡು ವಾರ ಕಳೆದವು. ಉಳಿದದ್ದೆಲ್ಲ ಸುಲಭವಾಗಿಯೇ ನಡೆಯಿತು. ಇಂಗ್ಲಿಷ್ ಅಲ್ಲಿಯೂ ಆಡಳಿತ ಭಾಷೆ, ವಾಹನಗಳು ನಮ್ಮಲ್ಲಿಯಂತೆ ಎಡಗಡೆಯೇ ಓಡುತ್ತವೆ. ಆದರೆ ಪ್ಲಗ್ಗುಗಳು ಬ್ರಿಟನ್ನಿನ ಚೌಕ ಪಿನ್ನಿನವು ಎಂಬುದು ಗೊತ್ತಿಲ್ಲದೆ ಹೋಗಿ, ಮೊದಲ ರಾತ್ರಿ ಮೊಬೈಲು ಚಾರ್ಜ್ ಮಾಡಲಾಗದೆ ಕುಳಿತಿದ್ದೆ.

ವಲೆಟ್ಟಾ ಹುಟ್ಟಿದ ಕಾಲ ಕನ್ನಡಿಗರಿಗೆ ನೆನಪಿಡುವುದು ಕಷ್ಟವಲ್ಲ. ತಾಳಿಕೋಟೆಯ ಯುದ್ಧ ನಡೆದ 1565ರಲ್ಲಿಯೇ ಆಟೊಮನ್ ತುರ್ಕರ ಸೇನೆ ಮಾಲ್ಟಾವನ್ನು ಮುತ್ತಿತು. ಅಲ್ಲಿದ್ದ ಸೇಂಟ್ ಜಾನ್ ಎಂಬ ಕ್ರೈಸ್ತ ಪಂಥದ ಯೋಧರು ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಕಾದಾಡಿ ದ್ವೀಪವನ್ನು ಉಳಿಸಿಕೊಂಡರು. ಮುತ್ತಿಗೆ ಹಾಕಿದವರು ಸಿಬೆರಾಸ್ ಎಂಬ ಬೋಳು ದಿಬ್ಬದ ಮೇಲೆ ಫಿರಂಗಿಗಳನ್ನು ಹೂಡಿದ್ದರು. ಅದು ಮತ್ತೆ ಶತ್ರುವಿನ ಕೈಗೆ ಸಿಗಬಾರದೆಂದು ಪಂಥದ ಮುಖ್ಯಸ್ಥನಾಗಿದ್ದ ವಲೆಟ್ 1566ರ ಮಾರ್ಚ್ 28ರಂದು ಅಲ್ಲಿಯೇ ಹೊಸ ನಗರಕ್ಕೆ ಅಡಿಗಲ್ಲು ಹಾಕಿದ. ಇಟಲಿಯ ಎಂಜಿನಿಯರ್ ಲಪರೆಲ್ಲಿ ನಕ್ಷೆ ಬರೆದ, ಮಾಲ್ಟಾದವನೇ ಆದ ಕಸ್ಸಾರ್ ಅದನ್ನು ಮುಂದುವರಿಸಿದ. ಎರಡು ಕಡೆ ಆಳವಾದ ಬಂದರು, ತುದಿಯಲ್ಲಿ ಕೋಟೆ, ನಡುವೆ ಚೌಕಾಬಾರದ ಮನೆಗಳಂತೆ ನೇರ ಬೀದಿಗಳು. 1980ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ನಗರದ ವಿಸ್ತೀರ್ಣ 55 ಹೆಕ್ಟೇರ್ ಮಾತ್ರ, ಅಂದರೆ ಸುಮಾರು 136 ಎಕರೆ. ಇದಕ್ಕಿಂತ ದೊಡ್ಡ ಅಂಗಳವಿರುವ ಕೆರೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ.

ಆ ದಿಬ್ಬದಲ್ಲಿ ಒಂದು ಊರಿಗೆ ಸಾಲುವಷ್ಟು ನೀರಿನ ಸೆಲೆ ಇರಲಿಲ್ಲ. ಆದ್ದರಿಂದ ಮನೆ ಕಟ್ಟುವ ಪ್ರತಿಯೊಬ್ಬನೂ ಮನೆಯಡಿಯಲ್ಲಿ ಮಳೆನೀರಿನ ತೊಟ್ಟಿಯನ್ನು ಕೊರೆಯಲೇಬೇಕೆಂದು ಕಟ್ಟಡ ನಿಯಮದಲ್ಲಿಯೇ ಬರೆದಿದ್ದರು. ಮಾಲ್ಟಾ ಭಾಷೆಯಲ್ಲಿ ಅದಕ್ಕೆ ‘ಬಿರ್’ ಎನ್ನುತ್ತಾರೆ. ಅರಬ್ಬಿ ಮೂಲದ ಆ ಭಾಷೆಯಲ್ಲಿ ಬಾವಿಗೂ ಅದೇ ಹೆಸರು. ಶನಿವಾರ ಮಧ್ಯಾಹ್ನ ರಿಪಬ್ಲಿಕ್ ಬೀದಿಯಲ್ಲಿರುವ ಕಾಸಾ ರೊಕ್ಕಾ ಪಿಕ್ಕೊಲಾ ಎಂಬ ಹಳೆಯ ಶ್ರೀಮಂತರ ಮನೆಯೊಳಗೆ ಹೋಗಿ, ಪೀಠೋಪಕರಣಗಳನ್ನೂ ಬೆಳ್ಳಿಯ ಸಾಮಾನುಗಳನ್ನೂ ಅವಸರದಲ್ಲಿ ನೋಡಿ ಮುಗಿಸಿ, ಮೆಟ್ಟಿಲಿಳಿದು ನೆಲದಡಿಗೆ ಹೋದೆ. ಬಂಡೆಯಲ್ಲಿ ಕೊರೆದ ಆ ತೊಟ್ಟಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಂಬು ದಾಳಿಯಿಂದ ತಪ್ಪಿಸಿಕೊಳ್ಳುವ ಆಶ್ರಯವಾಗಿ ಮಾರ್ಪಡಿಸಿದ್ದರು. ತಲೆಯೆತ್ತಿ ನೋಡಿದರೆ ನೀರು ಸೇದುತ್ತಿದ್ದ ಕಂಡಿ ಕಾಣುತ್ತಿತ್ತು. ಜೊತೆಗಿದ್ದ ಪ್ರವಾಸಿಗರು ಯುದ್ಧದ ಕಥೆ ಕೇಳುತ್ತಿದ್ದರೆ, ನಾನು ಗೋಡೆಯನ್ನು ಕೈಯಿಂದ ಸವರಿ ನೋಡುತ್ತಿದ್ದೆ.

ಅಲ್ಲಿಯ ಕಲ್ಲು ಜೇನಿನ ಬಣ್ಣದ ಸುಣ್ಣಕಲ್ಲು. ಹೊಸದಾಗಿ ತೆಗೆದಾಗ ಗರಗಸದಿಂದಲೇ ಕೊಯ್ಯುವಷ್ಟು ಮೆದು. ತೊಟ್ಟಿಗಾಗಿ ಕೊರೆದು ತೆಗೆದ ಕಲ್ಲನ್ನೇ ಮೇಲಿನ ಗೋಡೆಗೆ ಇಟ್ಟುಕೊಳ್ಳುತ್ತಿದ್ದರು, ಆದ್ದರಿಂದ ತೊಟ್ಟಿಗೆಂದು ಬೇರೆ ಖರ್ಚು ಮಾಡಿದಂತೆಯೇ ಆಗುತ್ತಿರಲಿಲ್ಲ. ಮಾಳಿಗೆಗೆ ಮಡಕೆಯ ಚೂರಿನ ಪುಡಿಯನ್ನು ಸುಣ್ಣದಲ್ಲಿ ಕಲಸಿ ಬಡಿದು ಹಾಕುತ್ತಿದ್ದರು. ನಮ್ಮ ಸುರ್ಕಿ ಗಾರೆಯ ದಾಯಾದಿಯೆಂದೇ ಹೇಳಬಹುದು. ಕೋಲಾರದ ಕಲ್ಲು ಹಾಗಲ್ಲ. ಅಂತರಗಂಗೆಯ ಬೆಟ್ಟ ಹತ್ತಿದವರಿಗೆ ಅದರ ಗಟ್ಟಿತನ ಗೊತ್ತು. ಈ ಕಗ್ಗಲ್ಲಿನಲ್ಲಿ ಮನೆಗೊಂದು ತೊಟ್ಟಿ ಕೊರೆಯುವುದು ಆಗದ ಮಾತಾದ್ದರಿಂದ ನಮ್ಮ ಹಿರಿಯರು ನೆಲದ ಮೇಲೆಯೇ ಮಣ್ಣಿನ ಏರಿ ಹಾಕಿ, ತೂಬಿಟ್ಟು, ಕೋಡಿ ಬಿಟ್ಟು, ಇಡೀ ಊರಿಗೆ ಸೇರಿದಂತೆ ನೀರು ನಿಲ್ಲಿಸಿದರು. ನಮ್ಮ ಕೆರೆಯ ನೀರನ್ನು ಬಿಸಿಲು ಕುಡಿಯುತ್ತದೆ, ಅವರ ತೊಟ್ಟಿಯದನ್ನು ಕುಡಿಯುವುದಿಲ್ಲ. ಆದರೆ ಅವರದು ಮನೆಯೊಳಗಿನ ನೀರು, ನಮ್ಮದು ನೀರುಗಂಟಿ ಅಳೆದು ಹಂಚುವ ನೀರು. ನನ್ನ ಪ್ರಬಂಧದಲ್ಲಿ ಈ ಹೋಲಿಕೆ ಇರಲಿಲ್ಲ. ಆ ರಾತ್ರಿ ಕುಳಿತು ಮೂರು ಸ್ಲೈಡು ಸೇರಿಸಿದೆ.

ಭಾನುವಾರ ಸೇಂಟ್ ಜಾನ್ ಸಹ-ಕಥೀಡ್ರಲ್ ಎಂಬ ದೊಡ್ಡ ಚರ್ಚನ್ನು ನೋಡೋಣವೆಂದು ಹೋದರೆ, ಆ ದಿನ ಪ್ರವಾಸಿಗರಿಗೆ ಪ್ರವೇಶವಿಲ್ಲ. ಮೊದಲೇ ವಿಚಾರಿಸದಿದ್ದುದು ನನ್ನದೇ ತಪ್ಪು. (ಅಲ್ಲಿರುವ, ಇಟಲಿಯ ಚಿತ್ರಕಾರ ಕರವಾಜ್ಜೊ 1608ರಲ್ಲಿ ಬರೆದ ಯೋಹಾನನ ಶಿರಚ್ಛೇದದ ಚಿತ್ರವನ್ನು ಬುಧವಾರ ಊಟದ ಬಿಡುವಿನಲ್ಲಿ ನೋಡಿದೆ, ಅದಕ್ಕೆ ಅರ್ಧ ಗಂಟೆ ಏನೇನೂ ಸಾಲದು.) ಕಾಲು ಇನ್ನೊಂದು ಕಡೆ ತಿರುಗಿತು: ಬರಾಕ್ಕಾ ಉದ್ಯಾನದ ಪಕ್ಕದ ಲಿಫ್ಟಿನಲ್ಲಿ ಕೆಳಗಿಳಿದು, ದೋಣಿ ಹತ್ತಿ ಗ್ರ್ಯಾಂಡ್ ಹಾರ್ಬರ್ ಬಂದರನ್ನು ದಾಟಿ ಎದುರು ದಂಡೆಯ ಬಿರ್ಗು ಎಂಬ ಊರಿಗೆ ಹೋದೆ. ಹತ್ತು ನಿಮಿಷದ ದಾರಿ. ಬಂದರು ನಗರವನ್ನು ನೀರಿನ ಕಡೆಯಿಂದ ನೋಡಬೇಕೆಂಬುದು ಆಗ ತಿಳಿಯಿತು. ಬೀದಿಯಲ್ಲಿ ನಿಂತಾಗ ಬಿಡಿಬಿಡಿಯಾಗಿ ಕಂಡ ಮನೆಗಳು ದೋಣಿಯಿಂದ ಕೋಟೆಯ ಮೇಲೆ ಕೂಡಿಸಿಟ್ಟ ಒಂದೇ ಬಂಡೆಯಂತೆ ಕಂಡವು. ಹಿಂದಿರುಗುವಾಗ ಮೆಟ್ಟಿಲ ಬೀದಿಯೊಂದರಲ್ಲಿ ಸವೆದು ನುಣುಪಾದ ಕಲ್ಲಿನ ಮೇಲೆ ಜಾರಿ ಮೊಣಕಾಲು ತರಚಿತು. ಸಭೆಗೆಂದು ಕೊಂಡ ಚರ್ಮದ ಷೂ ಆ ಬೀದಿಗಳಿಗೆ ತಕ್ಕದ್ದಲ್ಲ.

ಸೋಮವಾರ ನನ್ನ ಮಂಡನೆ ಮುಗಿದು ಚಹಾದ ಬಿಡುವು ಕೊಟ್ಟಾಗ, ಅಕ್ಟೋಬರಿನ ಮಳೆ ಒಮ್ಮೆಲೇ ಸುರಿಯಿತು. ಎಲ್ಲರೂ ಒಳಗೆ ನಿಂತರು. ನಾನು ಬಾಗಿಲಲ್ಲಿ ನಿಂತು ಮಾಳಿಗೆಗಳಿಂದ ಇಳಿಯುವ ಕೊಳವೆಗಳನ್ನು ನೋಡಿದೆ. ಅವುಗಳಲ್ಲಿ ಹಲವು ತೊಟ್ಟಿಗೆ ಹೋಗದೆ ಬೀದಿಗೇ ಬಾಯಿ ತೆರೆದಿದ್ದವು. ಕೆಂಪಗಾದ ನೀರು ಇಳಿಜಾರು ಬೀದಿಯಲ್ಲಿ ಹರಿದು ನೇರವಾಗಿ ಸಮುದ್ರ ಸೇರಿತು. ಪಕ್ಕದಲ್ಲಿದ್ದ ಸ್ಥಳೀಯ ಎಂಜಿನಿಯರ್ ಒಬ್ಬರು, ಈಗ ಕುಡಿಯುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಮುದ್ರದ ನೀರನ್ನು ಯಂತ್ರದಲ್ಲಿ ಸೋಸಿ ಉಪ್ಪು ತೆಗೆದದ್ದೆಂದು ಹೇಳಿದರು. ನಮ್ಮ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿರುವುದನ್ನು ನಾನು ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಮಳೆ ನೋಡಿದೆವು.

ಅವರೇ ಮರುದಿನ ಸಂಜೆ ನನ್ನನ್ನು ಬಸ್ಸಿನಲ್ಲಿ ಸಾಂತಾ ವೆನೆರಾ ಎಂಬ ಊರಿಗೆ ಕರೆದುಕೊಂಡು ಹೋದರು. ವಲೆಟ್ಟಾ ಬೆಳೆದಂತೆ ತೊಟ್ಟಿಗಳ ನೀರು ಸಾಲದೆ, ಸೇಂಟ್ ಜಾನ್ ಪಂಥದ ಮುಂದಿನ ಕಾಲದ ಮುಖ್ಯಸ್ಥ ವಿನ್ಯಾಕೂರ್ 1610ರಲ್ಲಿ ಆರಂಭಿಸಿ 1615ರಲ್ಲಿ ಮುಗಿಸಿದ ಮೇಲ್ಗಾಲುವೆಯ ಕಮಾನುಗಳು ಅಲ್ಲಿ ರಸ್ತೆಯ ಪಕ್ಕದಲ್ಲಿಯೇ ಸಾಲಾಗಿ ನಿಂತಿವೆ. ದಿಂಗ್ಲಿ, ರಬಾತ್ ಕಡೆಯ ಎತ್ತರದ ಸೆಲೆಗಳಿಂದ ಸುಮಾರು 16 ಕಿಲೋಮೀಟರ್ ದೂರ, ಇಳಿಜಾರಿನ ಬಲವೊಂದರಿಂದಲೇ ನೀರು ಬಂದಿತ್ತು. ಹೆಚ್ಚಿನ ದಾರಿ ನೆಲದಡಿಯ ಕೊಳವೆ. ನೆಲ ತಗ್ಗಿದ ಕಡೆ ಮಾತ್ರ ಕಮಾನು. ವಾಹನಗಳ ಸದ್ದಿನ ನಡುವೆ ಒಂದು ಗಂಟೆ ಅದರ ಉದ್ದಕ್ಕೂ ನಡೆದೆವು. ಸಮ್ಮೇಳನದ ಅಧಿಕೃತ ಔತಣ ಅದೇ ಹೊತ್ತಿಗೆ ಇತ್ತು. ನಾನು ಅಂಗಡಿಯೊಂದರಲ್ಲಿ ಬಟಾಣಿ ತುಂಬಿದ ಪಸ್ತಿತ್ಸಿ ಎರಡು ತಿಂದು ಊಟ ಮುಗಿಸಿದೆ.

ಊರಿಗೆ ಬಂದ ವಾರದಲ್ಲಿ, ನನಗೆ ತೂಬಿನ ವಿಷಯ ಕಲಿಸಿದ ಹಿರಿಯ ನೀರುಗಂಟಿಯವರಿಗೆ ಏರಿಯ ಮೇಲೆ ಕುಳಿತು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದೆ. ತೊಟ್ಟಿಯ ಚಿತ್ರವನ್ನು ಅವರು ಬಹಳ ಹೊತ್ತು ಹಿಡಿದುಕೊಂಡಿದ್ದರು.

“ಎಲ್ಲಾ ಸರಿ ಮೇಷ್ಟ್ರೇ, ಇದರಾಗೆ ಹೂಳು ಕೂತ್ರೆ ಒಳಕ್ಕಿಳಿದು ತೆಗೆಯೋರು ಯಾರು?”

ನಾನು ಅದನ್ನು ಕೇಳಿಯೇ ಇರಲಿಲ್ಲ. ಆ ಎಂಜಿನಿಯರರಿಗೆ ಅಂದು ರಾತ್ರಿಯೇ ಪತ್ರ ಬರೆದೆ.